ಲಂಡನ್ ಮನೆಯ ಹೊಸ್ತಿಲಲ್ಲಿ ತುಂಬಿದ ಉಡಿ

ಹೋಳಿಗೆಯ ಹಂಚಿನ ಮುಂದೆ ಕೂತಾಗ ಶಿವಗಂಗವ್ವ ಮಾತಾಡುವುದಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಮದುವೆ ಮನೆಗಳಿಗೆ ಅವಳ ಜೊತೆ ಅಡುಗೆಗೆ ಹೋಗುವ ಹೆಂಗಸರು ಇದನ್ನು ಅವಳ ಗತ್ತು ಎಂದುಕೊಂಡಿದ್ದಾರೆ. ಗತ್ತೇನೂ ಅಲ್ಲ. ಹಂಚಿನ ಮುಂದೆ ಒಮ್ಮೆ ಬಾಯಿಬಿಟ್ಟು ಆದದ್ದನ್ನು ಅವಳು ಮರೆತಿಲ್ಲ, ಅಷ್ಟೇ.

ಅವಳ ಊರು ಬೆಲ್ಲದ ಬಾಗೇವಾಡಿ. ಗಂಡ ಮಾಲಿಂಗಪ್ಪ ಬೆಲ್ಲದ ಪೆಂಟಿ ಹೊರುವ ಹಮಾಲ; ಮಗಳು ಶಿವಾನಿ ಇನ್ನೂ ಮೂರನೆಯ ಇಯತ್ತೆಯಲ್ಲಿದ್ದಾಗಲೇ ಎದೆನೋವಿನಿಂದ ತೀರಿಕೊಂಡ. ಅಂದಿನಿಂದ ಅಡುಗೆಯೇ ಅವಳ ಕಸುಬು. ಆ ಕಸುಬಿಗೆ ಮೊದಲು ದಾರಿ ಮಾಡಿಕೊಟ್ಟವಳು ಮಹಾನಂದಾ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಸಾಲೆಯ ಒಂದೇ ಬೆಂಚಿನಲ್ಲಿ ಕೂತವರು. ಮಹಾನಂದಾಳನ್ನು ಮದುವೆಯಾದ ಶ್ರೀಶೈಲ ಅವರು ಕಾಲುವೆ ಕಾಮಗಾರಿಯ ಎಂಜಿನಿಯರ್. ನೋಡುನೋಡುತ್ತ ದೊಡ್ಡ ಸಾಹೇಬರಾದರು, ಗೋಕಾಕದಲ್ಲಿ ಬಂಗಲೆ ಕಟ್ಟಿಸಿದರು. ಆ ಬಂಗಲೆಯ ಅಡುಗೆಮನೆಗೆ ಮಹಾನಂದಾ ಗೆಳತಿಯನ್ನು ಕರೆಸಿಕೊಂಡಳು. ಆಳಿನ ಹಾಗೆ ಎಂದೂ ನಡೆಸಿಕೊಳ್ಳಲಿಲ್ಲ. ಊಟಕ್ಕೆ ತನ್ನ ಮಗ್ಗುಲಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಶಿವಾನಿಯನ್ನು ನಾಗನೂರಿಗೆ ಕೊಟ್ಟು ಮದುವೆ ಮಾಡಿದಾಗ ಹಂದರದ ಕೆಳಗೆ ನಿಂತು ಬೀಗರನ್ನು ಎದುರುಗೊಂಡವಳೂ ಅವಳೇ.

ಆ ಬಂಗಲೆಗೆ ಸಾಹೇಬರ ಪಗಾರ ಸಾಲುವುದೇ ಎಂದು ಶಿವಗಂಗವ್ವ ಯಾರನ್ನೂ ಕೇಳಲಿಲ್ಲ. ಉಣ್ಣುವ ಮನೆಯಲ್ಲಿ ಅಂಥದನ್ನು ಕೇಳುವುದು ಹೇಗೆ?

ಒಂದು ಬೇಸಿಗೆ ಮಗಳನ್ನು ನೋಡಲು ನಾಗನೂರಿಗೆ ಹೋಗಿದ್ದಳು. ಬೀಗ ಪರಪ್ಪ ಮಾತಿನ ಮಲ್ಲ. ಹೊಲ ತೋರಿಸುತ್ತೇನೆಂದು ಕರೆದೊಯ್ದು, ತುದಿಗಾಲುವೆಯ ನಟ್ಟನಡುವೆ ನಿಲ್ಲಿಸಿದ. ಕಾಲಡಿಯಲ್ಲಿ ಬಿರಿದ ಮಣ್ಣು, ಆಡಿನ ಹಿಕ್ಕೆ, ಹುಡುಗರು ಕ್ರಿಕೆಟ್ಟಿಗೆ ನೆಟ್ಟ ಮೂರು ಕಟ್ಟಿಗೆ. ದಂಡೆಯ ಮೇಲೆ ಮಾತ್ರ ಹೊಸ ಬಣ್ಣದ ಬೋರ್ಡು.

"ಬೀಗತಿಯವರ, ಈ ಬೋರ್ಡಿನ ಪ್ರಕಾರ ನೀವು ಈಗ ಸಿಮೆಂಟಿನ ಮ್ಯಾಲ ನಿಂತೀರಿ," ಎಂದ ಪರಪ್ಪ. "ಚಪ್ಪಲಿ ಬಿಡ್ರಿ ಮತ್ತ, ಹೊಸಾ ಕೆಲಸ ಹೊಲಸ ಆದೀತು."

ಶಿವಗಂಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಧುಪದಾಳದ ಒಡ್ಡಿನಿಂದ ಬಿಟ್ಟ ನೀರನ್ನು ಮಣ್ಣಿನ ಕಾಲುವೆ ದಾರಿಯುದ್ದಕ್ಕೂ ಕುಡಿಯುತ್ತದೆ. ಸಿಮೆಂಟ್ ಹಾಸಿದರೆ ನೀರು ಇಂಗದೆ ತುದಿಯವರೆಗೂ ಬರುತ್ತದೆ. ಸಿಮೆಂಟ್ ಹಾಸಿದ್ದಾಗಿದೆ ಎಂದು ಬೋರ್ಡು ಹೇಳುತ್ತಿತ್ತು. ಆ ಕೆಲಸ ಯಾವ ಸಾಹೇಬರ ಕೈಕೆಳಗಿನದು ಎಂಬುದು ಅವಳಿಗೆ ಗೊತ್ತಿತ್ತು. ನಗು ಮುಗಿದ ಮೇಲೂ ಗೊತ್ತಿತ್ತು. ಸಂಜೆ ಬಸ್ಸಿಗೆ ಗೋಕಾಕಕ್ಕೆ ಮರಳಿ, ಸಾಹೇಬರ ಮನೆಯಲ್ಲಿ ರೊಟ್ಟಿ ಬಡಿದಳು.

ಮರುತಿಂಗಳು ಮಹಾನಂದಾ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, "ಗಂಗಾ, ಲಂಡನ್ನಿಗೆ ಬರತಿ?" ಎಂದು ಕೇಳಿದಳು.

"ಹುಕ್ಕೇರಿಗೆ ಬರತಿ ಅಂದಂಗ ಕೇಳಾಕತ್ತಿಯಲ್ಲ!"

"ಅಲ್ಲೊಂದು ಮನಿ ಹೊಗೂದೈತಿ. ನಾಕ ಮಂದಿಗೆ ಹೋಳಿಗಿ ಊಟ ಹಾಕಬೇಕು. ಯಾರಿಗೂ ಹೇಳಬ್ಯಾಡ ಈಗ, ದೃಷ್ಟಿ ಆಕ್ಕೈತಿ."

ದೃಷ್ಟಿಯ ಮಾತನ್ನು ಶಿವಗಂಗವ್ವ ನಂಬಿದಳು. ನಂಬುವುದು ಸುಲಭವಾಗಿತ್ತು.

ಲಂಡನ್ ಎಂದರೆ ಲಂಡನ್ ಪೇಟೆಯಲ್ಲ; ಅಲ್ಲಿಂದ ರೈಲಿನಲ್ಲಿ ಒಂದು ತಾಸಿನ ಊರು. ಕೆಂಪು ಇಟ್ಟಿಗೆಯ ಎರಡಂತಸ್ತಿನ ಮನೆ, ಹಿಂದೆ ಹಂದರ ಹಾಕಿ ಮದುವೆ ಮಾಡುವಷ್ಟು ದೊಡ್ಡ ಹುಲ್ಲಿನ ಅಂಗಳ. ಸಾಹೇಬರು ಬೆಳಿಗ್ಗೆ ಎದ್ದವರೇ ಗೋಡೆಗಳನ್ನು ಬೆರಳಿನಿಂದ ಬಡಿದು ನೋಡುತ್ತಿದ್ದರು. ಮನೆ ಹೊಗುವ ದಿನ ಊರಿನ ಅಯ್ಯನವರು ಫೋನಿನಲ್ಲೇ ಮಂತ್ರ ಹೇಳಿದರು. ಮಹಾನಂದಾ ಒಲೆಯ ಮೇಲೆ ಹಾಲು ಉಕ್ಕಿಸಿದಳು. ಧೂಪ ಹಚ್ಚಿದ್ದೇ ತಡ, ಛತ್ತಿನಲ್ಲಿದ್ದ, ಹೊಗೆ ತಾಗಿದರೆ ಕೂಗುವ ಬಿಳಿ ಡಬ್ಬಿಯೊಂದು ಕಿಟಾರನೆ ಒದರತೊಡಗಿತು. ಸಾಹೇಬರು ಕುರ್ಚಿ ಹತ್ತಿ ಟವೆಲ್ಲಿನಿಂದ ಗಾಳಿ ಬೀಸಿದರು. "ಇದಕ್ಕೂ ದೆವ್ವ ಬಡದಂಗ ಆತು ನೋಡು," ಎಂದು ಮಹಾನಂದಾ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು.

ಊಟಕ್ಕೆ ಬಂದದ್ದು ಆ ಕಡೆಯ ಐದಾರು ಕನ್ನಡದ ಕುಟುಂಬಗಳು. ಹೊರಡುವ ಹೊತ್ತಿಗೆ ಮಹಾನಂದಾ ಮುಂಬಾಗಿಲ ಹೊಸ್ತಿಲೊಳಗೆ ಬುಟ್ಟಿ ಹಿಡಿದು ನಿಂತಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಖಣ, ಎಲ್ಲವನ್ನೂ ಗೋಕಾಕದಿಂದಲೇ ತಂದಿದ್ದಳು. ಬಂದ ಹೆಣ್ಣುಮಕ್ಕಳಿಗೆ ಮನೆಯಾಕೆ ಉಡಿ ತುಂಬಿ ಕಳಿಸುವುದು ರೂಢಿ. ಉಡಿ ಎಂದರೆ ಶಿವಗಂಗವ್ವ ಎಂದಿನಂತೆ ಹಿಂದೆ ಸರಿದಳು. ಗಂಡ ಸತ್ತ ಮೇಲೆ ಯಾರ ಮನೆಯಲ್ಲೂ ಅವಳಿಗೆ ಉಡಿ ತುಂಬಿರಲಿಲ್ಲ. ಕುಂಕುಮದ ಬಟ್ಟಲು ಬಂದರೆ ತಾನಾಗಿಯೇ ಎದ್ದು ಹೋಗುವುದನ್ನು ಕಲಿತಿದ್ದಳು.

"ಎಲ್ಲಿ ಹೊಂಟಿ? ಬಾ ಇಲ್ಲಿ, ನೀನ ಮೊದಲ," ಎಂದಳು ಮಹಾನಂದಾ.

"ಹುಚ್ಚಿ ಅದಿ ಏನ! ಮಂದಿ ನೋಡತಾರ. ನನಗ್ಯಾಕ..."

"ಬಸವಣ್ಣನವರು ಹೇಳ್ಯಾರೇನು, ಗಂಡ ಸತ್ತಾಕಿಗೆ ತುಂಬಬ್ಯಾಡ ಅಂತ? ಹೊಸ್ತಿಲಾಚಿ ಹೋಗಿ ನಿಲ್ಲು. ಇದು ನನ್ನ ಮನಿ. ನನ್ನ ಮನ್ಯಾಗ ಮೊದಲ ಉಡಿ ನಿಂದು."

ಶಿವಗಂಗವ್ವ ಹೊಸ್ತಿಲಿನ ಹೊರಗೆ ಹೋಗಿ ಸೆರಗು ಒಡ್ಡಿದಳು. ಐದು ಬೊಗಸೆ ಬಿದ್ದವು. ಸೆರಗು ಭಾರವಾಗುವುದು ಹೇಗಿರುತ್ತದೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಅಲ್ಲಿಯೇ ಬಿಕ್ಕಿ ಬಿಕ್ಕಿ ಅತ್ತಳು.

ಅದಾಗಿ ಒಂದು ವರ್ಷ ಕಳೆದಿತ್ತು. ಹುಕ್ಕೇರಿಯಲ್ಲಿ ಒಂದು ದೊಡ್ಡ ಮದುವೆ; ಬಂಗಲೆಯಿಂದ ಎರಡು ದಿನ ಬಿಡುವು ಪಡೆದು ಶಿವಗಂಗವ್ವ ಅಡುಗೆಗೆ ಹೋಗಿದ್ದಳು. ಒಳಗೆ ಮುತ್ತೈದೆಯರಿಗೆ ಉಡಿ ತುಂಬುವುದು ನಡೆದಿತ್ತು, ಹಿತ್ತಲಲ್ಲಿ ಹೋಳಿಗೆ ಬೇಯುತ್ತಿತ್ತು. ಜೊತೆಗೆ ಬಂದಿದ್ದ ಯಲ್ಲಕ್ಕ ಹೂರಣದ ಉಂಡೆ ಕಟ್ಟುತ್ತ, "ನಮಗೂ ಒಂದೀಟ ಅಕ್ಕಿಕಾಳ ಬೀಳತಾವ. ಪಾಪ, ಶಿವಗಂಗವ್ವಗ ಯಾರ ತುಂಬಬೇಕ ಬಿಡ," ಎಂದಳು. ಕೆಟ್ಟ ಮನಸ್ಸಿನಿಂದೇನೂ ಅಂದಿರಲಿಕ್ಕಿಲ್ಲ. ಆದರೆ ಶಿವಗಂಗವ್ವನಿಗೆ ತಡೆಯಲಾಗಲಿಲ್ಲ.

"ನನಗ ತುಂಬ್ಯಾರ! ಎಲ್ಲಿ ಗೊತ್ತೇನ? ಲಂಡನ್ನಿನ್ಯಾಗ. ಮಹಾನಂದಾ ತನ್ನ ಸ್ವಂತ ಮನಿ ಹೊಸ್ತಿಲದಾಗ ನಿಂತು, ಎಲ್ಲಾರಕಿಂತ ಮೊದಲ ನನಗ ತುಂಬ್ಯಾಳ!"

"ಲಂಡನ್ನಿನ್ಯಾಗ ಮನಿ?" ಎಂದು ಯಾರೋ ಕೇಳಿದರು. ಅವಳು ಆ ಮನೆಯ ಹುಲ್ಲಿನ ಅಂಗಳದ ಅಗಲವನ್ನೂ ಹೇಳಿದಳು.

ಮಾತು ಹುಕ್ಕೇರಿಯಿಂದ ಮೂಡಲಗಿ ಸಂತೆಗೆ, ಅಲ್ಲಿಂದ ನಾಗನೂರಿನ ಕಟ್ಟೆಗೆ ಮುಟ್ಟಿತು. ಪರಪ್ಪ ಅದಕ್ಕೊಂದು ಒಗ್ಗರಣೆ ಹಾಕಿದ: "ನಮ್ಮ ಕಾಲುವಿ ನೀರ ತುದಿಗೆ ಬಂದಿಲ್ಲ ಅಂತ ಯಾಕ ಅಳತೀರೋ? ತುದಿ ಲಂಡನ್ನಿನ್ಯಾಗ ಐತಿ." ಜನ ಮೊದಲು ನಕ್ಕರು. ಆಮೇಲೆ ಕೆಲವರು ಕೂಡಿ ತಕರಾರು ಅರ್ಜಿ ಕೊಟ್ಟರು. ತನಿಖೆ ಶುರುವಾಯಿತು. ಸಾಹೇಬರ ಗೋಕಾಕದ ಬಂಗಲೆಗೆ ಬೀಗಮುದ್ರೆ ಬಿತ್ತು. ಅಂದೇ ಶಿವಗಂಗವ್ವ ಅಲ್ಲಿಂದ ತನ್ನ ಎರಡು ಚೀಲ ಎತ್ತಿಕೊಂಡು ಬಾಗೇವಾಡಿಗೆ ಬಂದಳು. ಮಹಾನಂದಾ ಆಗ ಏನೂ ಅನ್ನಲಿಲ್ಲ. ಯಾರ ಬಾಯಿಂದ ಹೊರಟ ಮಾತೆಂದು ಅವಳಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದಳೋ, ಶಿವಗಂಗವ್ವನಿಗೆ ತಿಳಿಯಲಿಲ್ಲ.

ಎರಡು ವರ್ಷ ಬಿಟ್ಟು ತನಿಖೆಯ ಅಧಿಕಾರಿಯೊಬ್ಬಳು ಅವಳ ಮನೆ ಹುಡುಕಿಕೊಂಡು ಬಂದಳು. ಹೆಸರು ಐಶ್ವರ್ಯ, ಬೆಳಗಾವಿಯ ಕಡೆಯ ಹುಡುಗಿ. ಕುರ್ಚಿ ಬೇಡವೆಂದು ನೆಲದ ಮೇಲೇ ಕೂತು, ಚಹಾ ಕುಡಿದು, ನಿಧಾನವಾಗಿ ವಿಷಯ ಹೇಳಿದಳು.

"ಅವ್ವಾ, ಆ ಮನಿ ಸಾಹೇಬರ ಹೆಸರಿಲೆ ಇಲ್ಲ. ಒಂದು ಕಂಪನಿ ಹೆಸರಿಲೆ ಐತಿ. ಆ ಕಂಪನಿ ಎಲ್ಲೋ ಒಂದು ದ್ವೀಪದಾಗ ನೋಂದಣಿ ಆದದ್ದು. ಮಾಲಕರು ಯಾರು ಅಂತ ಯಾರೂ ಹೇಳವಲ್ಲರು. 'ನಾವು ಅಲ್ಲಿ ನಾಕ ದಿನ ಪಾವಣ್ಯಾರಾಗಿ ಇದ್ವಿ, ಮನಿ ನಮ್ಮದಲ್ಲ' ಅಂತಾರ ಸಾಹೇಬರು. ನಾವು ಆ ದೇಶದವರ ನೆರವು ಕೇಳಿದ್ವಿ. ಅವರು ಮನಿ ಮಾರದಂಗ ತಡಿ ಹಾಕ್ಯಾರ. ಮನಿ ಇವರದ ಅಂತ ಅಲ್ಲಿ ಕೋರ್ಟಿಗೆ ಮನವರಿಕಿ ಆದ್ರ, ಅದನ್ನ ಮಾರಿ ರೊಕ್ಕ ನಮಗ ತಿರುಗಿ ಕಳಸ್ತಾರ."

"ನಮ್ಮ ಕಾಲುವಿ ಕಟ್ಟಿಕೊಂಡು ಅವರಿಗೇನ ಆಗಬೇಕೈತಿ?"

ಐಶ್ವರ್ಯ ನಕ್ಕಳು. "ಒಬ್ಬರ ದೇಶದಾಗ ಕದ್ದ ಮಾಲ ಇನ್ನೊಬ್ಬರು ಬಚ್ಚಿ ಇಟ್ಟುಕೊಳ್ಳೂದಿಲ್ಲ ಅಂತ ದೇಶ ದೇಶ ಕೂಡಿ ಮಾತು ಕೊಟ್ಟಾವು. ಮಾತು ಕೊಟ್ಟಷ್ಟು ಹಗೂರ ಇಲ್ಲ, ಭಾಳ ತಡಾ ಆಕ್ಕೈತಿ. ಆದ್ರ ಈ ಸಲ ಅವರು ಖರೇನ ಕೈ ಜೋಡಿಸ್ಯಾರ. ಕಾಗದಾ ಎಲ್ಲಾ ನೋಡಿದ್ವಿ, ಎಲ್ಲೂ ಇವರ ಹೆಸರಿಲ್ಲ." ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಅವ್ವಾ, ಪಾವಣ್ಯಾಳಾಗಿ ಹೋದಾಕಿ ಆ ಮನ್ಯಾಗ ನಿಂತು ಬ್ಯಾರೇದವರಿಗೆ ಉಡಿ ತುಂಬತಾಳೇನು?"

ಅತಿಥಿಗೆ ಉಡಿ ತುಂಬುತ್ತಾರೆ; ಅತಿಥಿ ತುಂಬುವುದಿಲ್ಲ. ಅದನ್ನು ಶಿವಗಂಗವ್ವನಿಗೆ ಯಾರೂ ಕಲಿಸಬೇಕಿರಲಿಲ್ಲ, ಈ ಹುಡುಗಿಗೂ ಕಲಿಸಬೇಕಿರಲಿಲ್ಲ. ಮನೆ ಕೊಂಡದ್ದನ್ನು ಏಳು ಪದರಿನಲ್ಲಿ ಮುಚ್ಚಿಟ್ಟವರು, ಮನೆ ಹೊಗುವ ಶಾಸ್ತ್ರವನ್ನು ಬಿಡಲಾರದೆ ಹೋಗಿದ್ದರು. ಅಂದು ಬಂದಿದ್ದ ಕುಟುಂಬಗಳ್ಯಾವುವೂ ಸಾಕ್ಷಿ ಹೇಳಲು ಒಪ್ಪಿರಲಿಲ್ಲ. ಉಳಿದವಳು ಮೊದಲ ಉಡಿ ತುಂಬಿಸಿಕೊಂಡವಳು.

"ಇಲ್ಲ ಅನ್ನಬಹುದು ನೀವು," ಎಂದಳು ಐಶ್ವರ್ಯ ಏಳುತ್ತ. "ಒತ್ತಾಯ ಮಾಡಾಕ ಬಂದಿಲ್ಲ. ಆದ್ರ ನೀವು ಇಲ್ಲ ಅಂದ್ರ ಮನಿ ಕಂಪನಿದ ಆಗಿ ಉಳಿತೈತಿ."

ಅದೇ ವಾರ ಸಾಹೇಬರ ಅಣ್ಣನ ಮಗ ಬಸವಲಿಂಗ ಬಂದ. ಅವನು ಹುಡುಗನಾಗಿದ್ದಾಗ ಶಿವಗಂಗವ್ವನ ಕೈಯ ಹೂರಣವನ್ನು ಕದ್ದು ತಿಂದವನು.

"ಮಾವಶಿ, ಏನೂ ಸುಳ್ಳ ಹೇಳ ಅನ್ನಂಗಿಲ್ಲ ನಾ. ಉಡಿ ತುಂಬ್ಯಾರ, ಖರೆ. ಯಾಕ ತುಂಬಿದ್ರು ಅಂತ ಕೇಳಿದ್ರ, 'ಪ್ರೀತಿಲೆ ತುಂಬಿದ್ರು' ಅನ್ರಿ. ಅಷ್ಟ ಸಾಕು. ಪ್ರೀತಿಲೆ ತುಂಬಿಲ್ಲೇನು?"

"ಪ್ರೀತಿಲೇ ತುಂಬ್ಯಾಳ," ಎಂದಳು ಶಿವಗಂಗವ್ವ.

"ಮತ್ತ! ಲಾಡ್ಜಿನ್ಯಾಗ ಇದ್ದರೂ ತುಂಬತಿದ್ರು ಕಾಕಿ. ಹಂಗ ಅನ್ರಿ."

"ಮಹಾನಂದಾ ಹೇಳಿ ಕಳಿಸ್ಯಾಳೇನ ನಿನ್ನ?"

ಬಸವಲಿಂಗ ಚಪ್ಪಲಿಯಲ್ಲಿ ಕಾಲು ತೂರಿಸುತ್ತ, "ಕಾಕಿ ನಿಮ್ಮ ಹೆಸರು ಎತ್ತೂದಿಲ್ಲ ಈಗ," ಎಂದ.

ಬೈದಿದ್ದರೆ ತಾಳಿಕೊಳ್ಳುತ್ತಿದ್ದಳು. ಆ ಮಾತು ಅವಳನ್ನು ಒಂದು ವಾರ ಮಲಗಿಸಿತು. ಮಗಳಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿ, "ಏನ ಮಾಡಲಿ?" ಎಂದು ಕೇಳಿದಳು. ಶಿವಾನಿ "ಎವ್ವಾ, ನನ್ನ ಮದುವಿ ಅವರ ಮಾಡ್ಯಾರ. ನನ್ನ ಹೊಲದ ನೀರೂ ಅವರ ಕುಡದಾರ. ನನ್ನ ಕೇಳಬ್ಯಾಡ," ಎಂದಳು.

ಹೇಳಿಕೆ ಕೊಡುವ ದಿನ ಗೋಕಾಕದ ಕೋರ್ಟಿನ ಒಂದು ಕೋಣೆಯಲ್ಲಿ ಟೀವಿಯಂಥ ದೊಡ್ಡ ಪರದೆ ಇಟ್ಟಿದ್ದರು. ಪರದೆಯ ಆ ಬದಿಯಲ್ಲಿ, ಲಂಡನ್ನಿನ ಕಡೆ, ಇಬ್ಬರು ವಕೀಲರು. ಒಬ್ಬಾಕೆ ಆ ದೇಶದ ಸರಕಾರದ ಪರ, ಒಬ್ಬಾತ ಮನೆಯ ಕಂಪನಿಯ ಪರ. ಅವರ ಮಾತನ್ನು ಈ ಕೋಣೆಯಲ್ಲಿ ಕೂತಿದ್ದ ಒಬ್ಬ ಮಾಸ್ತರರು ಕನ್ನಡಕ್ಕೆ ಹೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಸಾಹೇಬರು ಗೋಡೆಯತ್ತ ನೋಡುತ್ತ ಕೂತಿದ್ದರು. ಅವರ ಪಕ್ಕದಲ್ಲಿ ಮಹಾನಂದಾ. ಕೂದಲು ಬೆಳ್ಳಗಾಗಿತ್ತು. ಶಿವಗಂಗವ್ವ ಒಮ್ಮೆ ನೋಡಿದವಳು ಮತ್ತೆ ಆ ಕಡೆ ತಿರುಗಲಿಲ್ಲ.

ಸರಕಾರದ ವಕೀಲೆ ಬಿಡಿಬಿಡಿಯಾಗಿ ಕೇಳುತ್ತ ಹೋದಳು. ಹಾಲು ಉಕ್ಕಿಸಿದವರು ಯಾರು? ಹೊಸ್ತಿಲಿನ ಒಳಗೆ ಯಾರು ನಿಂತಿದ್ದರು, ಹೊರಗೆ ಯಾರು? ಬುಟ್ಟಿ ಯಾರ ಕೈಯಲ್ಲಿತ್ತು? ಶಿವಗಂಗವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಆಮೇಲೆ ಕಂಪನಿಯ ವಕೀಲನ ಸರದಿ. ಅವನ ಮುಖದಲ್ಲಿ ಕಠೋರತನವೇನೂ ಇರಲಿಲ್ಲ.

"ನಿಮ್ಮ ಗಂಡ ತೀರಿಕೊಂಡ ಮೇಲೆ ನಿಮಗೆ ಯಾರೂ ಈ ಗೌರವ ಕೊಟ್ಟಿರಲಿಲ್ಲ. ಅಲ್ಲವೇ?"

"ಹೌದ್ರಿ."

"ಆಕೆ ನಿಮ್ಮ ಬಾಲ್ಯದ ಗೆಳತಿ. ನಿಮ್ಮ ದುಃಖ ನೋಡಲಾರದೆ, ಬರೀ ಪ್ರೀತಿಯಿಂದ ಹಾಗೆ ಮಾಡಿದರು. ಆ ಮನೆಗೂ ಅದಕ್ಕೂ ಸಂಬಂಧವಿಲ್ಲ. ಬೇರೆ ಎಲ್ಲಿದ್ದರೂ ಹಾಗೇ ಮಾಡುತ್ತಿದ್ದರು. ಹೌದೋ ಅಲ್ಲವೋ?"

ಹೌದು ಎಂದುಬಿಟ್ಟರೆ ಮುಗಿಯಿತು. ಅದು ಸುಳ್ಳೂ ಆಗುತ್ತಿರಲಿಲ್ಲ. ತನ್ನ ಬದುಕಿನಲ್ಲಿ ಸಿಕ್ಕ ಒಂದೇ ಒಂದು ದೊಡ್ಡ ಉಪಕಾರಕ್ಕೆ ಕೊಟ್ಟ ಗೌರವವೂ ಆಗುತ್ತಿತ್ತು. ಅಲ್ಲ ಎಂದರೆ, ಆ ಐದು ಬೊಗಸೆ ತನಗಾಗಿ ಅಲ್ಲ, ಮನೆಯ ಶಾಸ್ತ್ರಕ್ಕಾಗಿ ಎಂದು ಎಲ್ಲರೆದುರು ತಾನೇ ಒಪ್ಪಿಕೊಂಡ ಹಾಗೆ. ಅವಳು ಪರದೆಯನ್ನು ನೋಡಿದಳು, ಮಾಸ್ತರರನ್ನು ನೋಡಿದಳು. ಹದಿನೈದು ವರ್ಷ ಬಂಗಲೆಯಲ್ಲಿ ಉಂಡ ಅನ್ನ ನೆನಪಾಯಿತು. ಬೋರ್ಡಿನ ಕೆಳಗೆ ನಿಂತು ತಾನು ನಕ್ಕ ನಗುವೂ ನೆನಪಾಯಿತು.

"ಪ್ರೀತಿಲೆ ತುಂಬಿದ್ಲರಿ," ಎಂದಳು. "ಆದ್ರ ತುಂಬೂಮುಂದ 'ಇದು ನನ್ನ ಮನಿ, ನನ್ನ ಮನ್ಯಾಗ ಮೊದಲ ಉಡಿ ನಿಂದು' ಅಂದ್ಲು. ಪಾವಣ್ಯಾಳಾಗಿ ಹೋದಲ್ಲಿ ಆಕಿ ಹಂಗ ಅಂತಿದ್ದಿಲ್ಲ. ಆಕಿಗೆ ರೀತಿ ರಿವಾಜ ಗೊತ್ತೈತ್ರಿ. ಪ್ರೀತಿನೂ ಖರೆ, ಮನಿನೂ ಖರೆ. ಒಂದ ಹೇಳಿ ಒಂದ ಬಿಡಾಕ ನನಗ ಬರವಲ್ಲದು."

ಹಿಂದೆ ಬೆಂಚು ಕಿರ್ರೆಂದಿತು. ಸಾಹೇಬರು ಎದ್ದು ಹೊರಗೆ ಹೋಗಿದ್ದರು.

ಕೋಣೆಯಿಂದ ಹೊರಬಂದಾಗ ಮಹಾನಂದಾ ಪಡಸಾಲೆಯ ಕಂಬದ ಹತ್ತಿರ ಒಬ್ಬಳೇ ನಿಂತಿದ್ದಳು. ಶಿವಗಂಗವ್ವ ಕಾಲು ಮುಟ್ಟಲು ಬಾಗಿದಳು. ಮಹಾನಂದಾ ಹಿಂದೆ ಸರಿದಳು.

"ನಾಟಕಾ ಬ್ಯಾಡ. ನಿಂದರು ಸುಮ್ನ. ಒಂದ ಕೇಳತೇನಿ. ಅಂದು ಸೆರಗ ಒಡ್ಡಿ ನಿಂತಾಗ, ಆ ಮನಿ ಯಾವ ರೊಕ್ಕದ್ದು ಅಂತ ನಿನಗ ಗೊತ್ತಿತ್ತೇನ?"

ಗೊತ್ತಿರಲಿಲ್ಲ ಎಂದರೆ ಅರ್ಧ ಸುಳ್ಳು.

"ಕೇಳಾಕ ಹೋಗಲಿಲ್ಲ," ಎಂದಳು ಶಿವಗಂಗವ್ವ.

"ನಾನೂ ಕೇಳಾಕ ಹೋಗಲಿಲ್ಲ," ಎಂದಳು ಮಹಾನಂದಾ. "ಮೂವತ್ತು ವರ್ಷ ಆತನ ಜೋಡಿ ಬಾಳೇ ಮಾಡೀನಿ. ಒಮ್ಮಿನೂ ಕೇಳಲಿಲ್ಲ. ಆದ್ರ ಇವತ್ತ ಅಲ್ಲಿ ಕುಂತು ತಲಿ ತೆಗ್ಗಿಸಿದಾಕಿ ನಾ, ಹೇಳಿ ಎದ್ದು ಬಂದಾಕಿ ನೀ." ಸೆರಗು ಹೊದ್ದುಕೊಳ್ಳುತ್ತ, "ಹೋಗು. ಬಸ್ಸಿನ ಹೊತ್ತಾತು," ಎಂದಳು. ಆಮೇಲೆ ಎಂದೂ ಅವಳನ್ನು ಮಾತಾಡಿಸಲಿಲ್ಲ. ಶಿವಗಂಗವ್ವ ಎರಡು ಸಲ ಗೋಕಾಕಕ್ಕೆ ಹೋಗಿ ಅವರ ಬಾಡಿಗೆ ಮನೆಯ ಓಣಿಯ ತುದಿಯವರೆಗೂ ನಡೆದು, ಹಾಗೆಯೇ ತಿರುಗಿ ಬಂದಳು.

ಆ ದೇಶದ ಕೋರ್ಟು ಮನೆ ಸಾಹೇಬರದೇ ಎಂದು ತೀರ್ಮಾನಿಸಿದ ಸುದ್ದಿಯನ್ನು ಐಶ್ವರ್ಯ ಫೋನಿನಲ್ಲಿ ತಿಳಿಸಿದಳು. ಮನೆ ಮಾರಾಟವಾಗಿ, ಎರಡೂ ಸರಕಾರಗಳ ನಡುವೆ ಪತ್ರಗಳು ಓಡಾಡಿ, ರೊಕ್ಕ ತಿರುಗಿ ಬರಲು ಮತ್ತೆ ಎರಡು ವರ್ಷ ಹಿಡಿಯಿತು. ಕದ್ದ ಕೆಲಸಕ್ಕೇ ಅದನ್ನು ಹಾಕಬೇಕೆಂದು ಮಾತಾಗಿತ್ತಂತೆ. ಹೀಗಾಗಿ ಈ ವರ್ಷ ಬೇಸಿಗೆಯಲ್ಲಿ ನಾಗನೂರಿನ ತುದಿಗಾಲುವೆಗೆ ಯಂತ್ರಗಳು ಬಂದವು.

ಪರಪ್ಪ ತಾನೇ ಬಾಗೇವಾಡಿಗೆ ಬಂದು ಕರೆದೊಯ್ದ. ಕಾಲುವೆಯ ಅರ್ಧಕ್ಕೆ ಹಸಿ ಸಿಮೆಂಟ್ ಹಾಸಿ ಗೋಣಿತಾಟು ಹೊಚ್ಚಿದ್ದರು. ಊರಿನವರು ಶಿವಗಂಗವ್ವನನ್ನು ಕಂಡು ಎದ್ದು ನಿಂತರು. ಯಾರೋ ಶಾಲು ತರಲು ಹೋದರು. "ಶಾಲು ಗೀಲು ತಂದ್ರ ನಾ ಈಗಿಂದೀಗ ಬಸ್ ಹತ್ತತೇನಿ," ಎಂದು ಪರಪ್ಪನಿಗೆ ಗದರಿಸಿದಳು. ಇವರಿಗೆಲ್ಲ ತಾನು ಒಳ್ಳೆಯವಳು. ಗೋಕಾಕದ ಆ ಓಣಿಯಲ್ಲಿ ತಾನು ಯಾರು ಎಂಬುದನ್ನು ಇವರಿಗೆ ಹೇಳುವುದು ಹೇಗೆ?

ಕೆಲಸ ನೋಡಿಕೊಳ್ಳುತ್ತಿದ್ದ ಹೊಸ ಎಂಜಿನಿಯರ್ ಗಜಾನನ ಛತ್ರಿ ಹಿಡಿದು ನಿಂತಿದ್ದ. ಎಳೆಯ ಹುಡುಗ, ಮೂಗಿನ ಮೇಲೆ ಬೆವರು. ಶಿವಗಂಗವ್ವ ಸೀದಾ ಅವನ ಹತ್ತಿರ ಹೋದಳು.

"ತಮ್ಮಾ, ಎಷ್ಟು ದಪ್ಪ ಹಾಕಾಕತ್ತೀರಿ ಇದನ್ನ?"

"ಎಷ್ಟು ಹಾಕಬೇಕೋ ಅಷ್ಟು ಹಾಕೇವ್ರಿ ಅವ್ವಾ. ಅದನ್ನೆಲ್ಲಾ ನೋಡಾಕ ದೊಡ್ಡ ಸಾಹೇಬರ ಅದಾರ."

"ದೊಡ್ಡ ಸಾಹೇಬರ ಮನ್ಯಾಗ ಅಡಗಿ ಮಾಡೀನಪ್ಪಾ ನಾ. ನೀ ಹೇಳು."

ಪರಪ್ಪ ಅವಳ ಮೊಣಕೈ ಜಗ್ಗಿದ. "ಬೀಗತಿಯವರ, ಪಾಪ, ಈಗ ಬಂದ ಹುಡುಗ. ಸಿಟ್ಟಿಗೆದ್ದ ಕೆಲಸ ಬಿಟ್ಟಗಿಟ್ಟಾನು."

"ಸಿಟ್ಟಿಗೇಳಲಿ ಬಿಡ್ರಿ," ಎಂದಳು ಶಿವಗಂಗವ್ವ. ಇಂಥದನ್ನು ಬಾಯಿಬಿಟ್ಟು ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ಗಜಾನನ ಅವಳನ್ನೊಮ್ಮೆ, ಸುತ್ತ ಸೇರಿದ ಜನರನ್ನೊಮ್ಮೆ ನೋಡಿದ. ಛತ್ರಿ ಮಡಚಿ ದಂಡೆಯ ಮೇಲಿಟ್ಟು, ಕಾಲುವೆಯೊಳಗೆ ಇಳಿದ. ಇನ್ನೂ ಹಸಿಯಿದ್ದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕಬ್ಬಿಣದ ಸರಳೊಂದನ್ನು ಚುಚ್ಚಿ ಹೊರತೆಗೆದು, ಸಿಮೆಂಟ್ ಮೆತ್ತಿದ ಗುರುತಿಗೆ ಟೇಪು ಹಿಡಿದ.

"ಬರ್ರಿ ಅವ್ವಾ," ಎಂದ. "ಇಳದ ಬಂದು ನೀವ ನೋಡ್ರಿ."

ಶಿವಗಂಗವ್ವ ಸೀರೆಯ ನಿರಿಗೆ ಎತ್ತಿ ಹಿಡಿದು, ಪರಪ್ಪನ ಹೆಗಲಿಗೆ ಕೈಕೊಟ್ಟು ಕಾಲುವೆಗೆ ಇಳಿದಳು.